ನಮ್ಮ ಕಿಸೆಯಲ್ಲಿ ಅವರು ಬರೆದಿಟ್ಟ ಚೀಟಿ

ಸ್ಕ್ರೀನಿನ ಕೆಳಗಿನ ಸಾಲಿನಲ್ಲಿ ಒಂದು ಪ್ರಶ್ನೆ ಬಂದು ನಿಂತಿತ್ತು. ಮೊದಲು ಸೈಟಿನ ವಿಳಾಸ, ಪಕ್ಕದಲ್ಲಿ ಕುಕೀ (ಸೈಟು ನಮ್ಮ ಬ್ರೌಸರಿನಲ್ಲಿ ಬರೆದಿಡುವ ಸಣ್ಣ ಚೀಟಿ) ಎಂಬ ಪದ, ಆಮೇಲೆ ‘ಲ್ಯಾಂಗ್ = ಎಂಎಲ್’. ಇದನ್ನು ಇಟ್ಟುಕೊಳ್ಳಲೇ ಎಂದು ಬ್ರೌಸರ್ ಕೇಳುತ್ತಿತ್ತು. ಹೌದಾದರೆ ವೈ ಒತ್ತಬೇಕು, ಬೇಡವಾದರೆ ಎನ್, ಈ ಸೈಟಿನಿಂದ ಯಾವಾಗ ಬಂದರೂ ಆಗಬಹುದಾದರೆ ಎ, ಯಾವತ್ತೂ ಬೇಡವಾದರೆ ವಿ. ನಾನು ಆ ಸೈಟಿಗೆ ಇನ್ನೂ ಒಂದು ಮಾತೂ ಹೇಳಿರಲಿಲ್ಲ. ಅದಾಗಲೇ ನನ್ನ ಭಾಷೆ ಮಲಯಾಳ ಅಂತ ತಾನೇ ತೀರ್ಮಾನ ಮಾಡಿ, ಚೀಟಿ ಬರೆದು, ನನ್ನ ಕೈಗೆ ಕೊಡಲು ನಿಂತಿತ್ತು.

ನನಗೆ ಮಲಯಾಳ ಬರುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಬೆಳೆದವರಿಗೆ ಮನೆಯಲ್ಲಿ ತುಳುವೋ ಕನ್ನಡವೋ, ಪೇಟೆಯಲ್ಲಿ ಮಲಯಾಳ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಮುಖ ನೋಡಿ ಯಾವುದಾದರೂ ಒಂದು. ಹಾಗಾಗಿ ಮಲಯಾಳದ ಮೇಲೆ ನನಗೆ ಮುನಿಸಿಲ್ಲ. ಆದರೆ ಕೇಳದೆ ಬರೆದದ್ದು ಕಣ್ಣಿಗೆ ಬಿತ್ತು ನೋಡಿ, ಅದು ಮನಸ್ಸಿನಲ್ಲಿ ಕೂತುಬಿಟ್ಟಿತು. ಮಾಮೂಲಿ ಬ್ರೌಸರಿನಲ್ಲಿ ಇದೇ ಸೈಟನ್ನು ಎಷ್ಟು ಸಲ ತೆರೆದಿದ್ದೇನೋ ಲೆಕ್ಕವಿಲ್ಲ. ಆಗೆಲ್ಲ ಇಂಥದೇ ಚೀಟಿ ಬಂದಿರಬೇಕು, ಅಲ್ವಾ? ಒಂದು ಸಲವೂ ಕಂಡಿರಲಿಲ್ಲ.

ನಾನು ಆವತ್ತು ಬಳಸುತ್ತಿದ್ದದ್ದು ಲಿಂಕ್ಸ್ ಎಂಬ ಟೆಕ್ಸ್ಟ್ ಬ್ರೌಸರ್. ಚಿತ್ರವಿಲ್ಲ, ಬಣ್ಣದ ಬಟನ್ ಇಲ್ಲ, ವಿಡಿಯೋ ಇಲ್ಲ. ಕಪ್ಪು ಸ್ಕ್ರೀನಿನ ಮೇಲೆ ಬರೀ ಅಕ್ಷರ. ಬಾಣದ ಕೀಲಿ ಒತ್ತಿ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಹೋಗುವುದು. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗಾಳಿಗೆ ಅಡಿಕೆ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಇದ್ದಾಗಲೂ ಒಂದು ಪುಟ ತೆರೆಯಲು ಎರಡು ನಿಮಿಷ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡು, ಅದರಲ್ಲಿ ಈ ಲಿಂಕ್ಸ್ ಬ್ರೌಸರ್ ಹಾಕಿಕೊಂಡದ್ದು ಇದೇ ಕಾರಣಕ್ಕೆ. ಅಕ್ಷರ ಮಾತ್ರ ತರಿಸಿಕೊಂಡರೆ ಸಣಕಲು ನೆಟ್ಟಿನಲ್ಲೂ ಪುಟ ತಟ್ಟನೆ ಬರುತ್ತದೆ.

ಕುಕೀ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಅದನ್ನು ಹೇಳಿಬಿಡುತ್ತೇನೆ.

ನಾನು ಪೇಟೆಯ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ಜನರಿಗೆ ಅರ್ಜಿ ತುಂಬಿ ಕೊಡುವ ಕೆಲಸ ಮಾಡುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಬೈಲಿನ ಒಬ್ಬ ಅಕ್ಕ ಮಗಳ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಲು ಬಂದಿದ್ದರು. ಲಾಗಿನ್ ಆಯಿತು, ಅರ್ಜಿ ಹೋಯಿತು, ಪ್ರಿಂಟ್ ತೆಗೆದುಕೊಟ್ಟೆ. ಆಮೇಲೆ ಬ್ರೌಸರಿನ ಮೂಲೆಯ ಎಕ್ಸ್ ಗುರುತು ಒತ್ತಿ ಕಿಟಕಿ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಬೇರೊಬ್ಬರು ಬಂದು ಅದೇ ಸೈಟ್ ತೆರೆದರೆ ಎದುರಿಗೆ ಅಕ್ಕನ ಮಗಳ ಹೆಸರು, ಬ್ಯಾಂಕ್ ಖಾತೆಯ ನಂಬರು, ಮನೆಯ ವರಮಾನ, ಎಲ್ಲ. ಅವರು ಒಳ್ಳೆಯವರು, ತಕ್ಷಣ ನನ್ನನ್ನು ಕರೆದು ತೋರಿಸಿದರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪು ನನ್ನದೇ. ಕಿಟಕಿ ಮುಚ್ಚಿದರೆ ಕೆಲಸ ಮುಗಿಯಿತು ಅಂತ ತಿಳಿದಿದ್ದೆ. ಆ ಬ್ರೌಸರಿಗೆ ‘ಬಿಟ್ಟಲ್ಲಿಂದಲೇ ಶುರು ಮಾಡು’ ಅಂತ ಯಾರೋ ಸೆಟ್ಟಿಂಗ್ ಹಾಕಿಟ್ಟಿದ್ದರು. ಹಾಗೆ ಹಾಕಿದರೆ, ಮುಚ್ಚಿದಾಗ ಸಾಯಬೇಕಾದ ಕುಕೀಗಳೂ ಮುಂದಿನ ಸಲ ಎದ್ದು ಕೂರುತ್ತವೆ. ಮರುದಿನ ಅಕ್ಕನ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ.

ಅಂದಿನಿಂದ ಕುಕೀ ಅಂದರೆ ನಿಜವಾಗಿ ಏನು, ಅದು ಎಲ್ಲಿ ಕೂರುತ್ತದೆ, ಯಾವಾಗ ಹೋಗುತ್ತದೆ ಅಂತ ನನ್ನ ಕಣ್ಣಿಂದಲೇ ನೋಡಬೇಕು ಅನ್ನಿಸಿತ್ತು. ದೊಡ್ಡ ಬ್ರೌಸರುಗಳಲ್ಲಿ ನೋಡಲು ಆಗುವುದಿಲ್ಲ ಅಂತಲ್ಲ. ಸೆಟ್ಟಿಂಗಿನ ಒಳಗೆ ನಾಲ್ಕು ಬಾಗಿಲು ದಾಟಿ ಹೋದರೆ ಸಿಗುತ್ತದೆ. ಲಿಂಕ್ಸ್‌ನಲ್ಲಿ ಮಾತ್ರ ಅದು ಅಂಗಳದಲ್ಲೇ ಉಂಟು.

ಕುಕೀ ಎಂಬುದನ್ನು ನಾನು ಅರ್ಥ ಮಾಡಿಕೊಂಡದ್ದು ಅಪ್ಪನ ಹಾಲಿನ ಪಾಸ್‌ಪುಸ್ತಕದಿಂದ. ಬೆಳಿಗ್ಗೆ ಅಪ್ಪ ಹಾಲು ತೆಗೆದುಕೊಂಡು ಸೊಸೈಟಿಗೆ ಹೋಗುತ್ತಾರೆ, ಜೊತೆಗೆ ಪಾಸ್‌ಪುಸ್ತಕ. ಅಲ್ಲಿಯವರು ಹಾಲು ಅಳೆದು, ಇಷ್ಟು ಲೀಟರ್, ಇಷ್ಟು ಫ್ಯಾಟ್ ಅಂತ ಅದರಲ್ಲಿ ಬರೆದು ವಾಪಸ್ ಕೊಡುತ್ತಾರೆ. ಬರೆಯುವವರು ಅವರು. ಇಟ್ಟುಕೊಳ್ಳುವವರು ನಾವು. ಮುಂದಿನ ಸಲ ಹೋಗುವಾಗ ಅದನ್ನು ಮತ್ತೆ ಅವರ ಕೈಗೆ ಕೊಡುವವರೂ ನಾವು. ವೆಬ್ಬಿನಲ್ಲೂ ಹೀಗೇ. ಪುಟ ಕಳಿಸುವ ಆ ಕಡೆಯ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ, ನೆನಪಿಲ್ಲ. ಒಂದು ಪುಟ ಕೇಳಿದವರು ಯಾರು, ಎರಡನೆಯ ಪುಟ ಕೇಳಿದವರು ಯಾರು, ಇಬ್ಬರೂ ಒಬ್ಬರೇನಾ ಅಂತ ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಅದಕ್ಕೇ ಪುಟ ಕಳಿಸುವಾಗ ಅದರ ತಲೆಯ ಮೇಲೆ ‘ಸೆಟ್-ಕುಕೀ’ ಅಂತ ಒಂದು ಸಾಲು ಬರೆದು ಕಳಿಸುತ್ತದೆ. ಬ್ರೌಸರ್ ಅದನ್ನು ಎತ್ತಿಟ್ಟುಕೊಂಡು, ಮುಂದಿನ ಸಲ ಅದೇ ಸೈಟಿಗೆ ಹೋಗುವಾಗ ‘ಕುಕೀ’ ಅಂತ ಇನ್ನೊಂದು ಸಾಲಿನಲ್ಲಿ ಹಾಗೇ ಹಿಂತಿರುಗಿಸುತ್ತದೆ. ಇಷ್ಟೇ ವಿಷಯ. ಅದು ಪ್ರೋಗ್ರಾಂ ಅಲ್ಲ, ವೈರಸ್ ಅಲ್ಲ. ಒಂದು ಹೆಸರು, ಒಂದು ಬೆಲೆ (ದುಡ್ಡಿನದ್ದಲ್ಲ, ಆ ಹೆಸರಿನ ಎದುರು ಬರೆದದ್ದು), ಜೊತೆಗೆ ಯಾವಾಗ ಹಳತಾಗುತ್ತದೆ, ಎಲ್ಲೆಲ್ಲಿ ತೋರಿಸಬಹುದು ಎಂಬ ನಾಲ್ಕು ಷರತ್ತು.

ಒಂದು ವ್ಯತ್ಯಾಸವಿದೆ, ಅದೇ ದೊಡ್ಡದು. ಅಪ್ಪ ಸೊಸೈಟಿಯ ಮೆಟ್ಟಿಲು ಇಳಿಯುವ ಮೊದಲು ಪಾಸ್‌ಪುಸ್ತಕ ಬಿಡಿಸಿ ಓದುತ್ತಾರೆ. ಕನ್ನಡಕ ಮರೆತಿದ್ದರೆ ಪಕ್ಕದವರ ಕೈಯಲ್ಲಿ ಓದಿಸುತ್ತಾರೆ. ಒಮ್ಮೆ 6 ಲೀಟರ್ ಕೊಟ್ಟದ್ದು 4 ಅಂತ ಬರೆದಿತ್ತಂತೆ, ಅಲ್ಲೇ ನಿಂತು ಸರಿ ಮಾಡಿಸಿಕೊಂಡು ಬಂದರು. ನಾನು ಇಷ್ಟು ವರ್ಷ ದಿನಕ್ಕೆ ನೂರಾರು ಚೀಟಿ ಕಿಸೆಗೆ ಹಾಕಿಕೊಂಡು ತಿರುಗಿದೆ, ಒಂದನ್ನೂ ಓದಲಿಲ್ಲ.

ಲಿಂಕ್ಸ್ ಹಳೆಯದು. 1992ರಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಇಂದಿಗೂ ರಿಪೇರಿ, ಹೊಸ ಆವೃತ್ತಿ ಅಂತ ನಡೆಯುತ್ತಲೇ ಇರುವ ಬ್ರೌಸರುಗಳಲ್ಲಿ ಎಲ್ಲಕ್ಕಿಂತ ಹಳತು ಅದೇ. ಲಿಂಕ್ಸ್ ಅಂದರೆ ಒಂದು ಜಾತಿಯ ಕಾಡುಬೆಕ್ಕು, ಕೊಂಡಿ ಎಂಬ ಅರ್ಥದ ಇಂಗ್ಲಿಷ್ ಪದಕ್ಕೂ ಅದೇ ಉಚ್ಚಾರ, ಹಾಗಾಗಿ ಆ ಹೆಸರು. ಅದನ್ನು ಕಟ್ಟಿದವರಲ್ಲಿ ಒಬ್ಬರು ಲೂ ಮಾಂಟುಲಿ. ಅವರು ಆಮೇಲೆ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಗೆ ಹೋದರು. 1994ರಲ್ಲಿ ಅಲ್ಲಿ ಆನ್‌ಲೈನ್ ಅಂಗಡಿಯೊಂದರ ಕೆಲಸ ಬಂತು. ಗಿರಾಕಿ ಬುಟ್ಟಿಗೆ ಏನೇನು ಹಾಕಿದ್ದಾರೆ ಎಂಬ ನೆನಪು ಅಂಗಡಿಯ ಸರ್ವರಿನಲ್ಲಿ ಅಲ್ಲದೆ ಗಿರಾಕಿಯ ಕಂಪ್ಯೂಟರಿನಲ್ಲೇ ಇರಬೇಕು ಎಂಬ ಬೇಡಿಕೆ. ಅದಕ್ಕೆ ಮಾಂಟುಲಿ ಕಂಡುಕೊಂಡ ದಾರಿಯೇ ಕುಕೀ. ಹಳೆಯ ಕಂಪ್ಯೂಟರ್ ಜನ ಬಳಸುತ್ತಿದ್ದ ‘ಮ್ಯಾಜಿಕ್ ಕುಕೀ’ ಎಂಬ ಮಾತಿನಿಂದ ಆ ಹೆಸರು ಬಂತು. ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕೊಟ್ಟು, ಬಿಚ್ಚಿ ನೋಡದೆ ಹಾಗೇ ವಾಪಸ್ ತೆಗೆದುಕೊಳ್ಳುವ ಗುರುತಿಗೆ ಹಾಗೆ ಹೇಳುತ್ತಿದ್ದರು.

ಅಂದರೆ, ಅಕ್ಷರ ಮಾತ್ರ ತೋರಿಸುವ ಬ್ರೌಸರ್ ಕಟ್ಟಿದ ಕೈಯೇ ಕುಕೀಯನ್ನೂ ಕಟ್ಟಿತು. ಇದನ್ನು ಓದಿದ ದಿನ ನನಗೆ ಬಹಳ ಖುಷಿಯಾಯಿತು, ಏಕೆ ಅಂತ ಹೇಳಲು ಬರುವುದಿಲ್ಲ. ನೆಟ್‌ಸ್ಕೇಪ್‌ನಲ್ಲಿ ಮೊದಮೊದಲು ಕುಕೀ ಸದ್ದಿಲ್ಲದೆ ಒಳಗೆ ಬರುತ್ತಿತ್ತು, ಬಳಸುವವರಿಗೆ ಯಾರೂ ಹೇಳಿರಲಿಲ್ಲ. 1996ರಲ್ಲಿ ಪತ್ರಿಕೆಗಳು ಬರೆದ ಮೇಲೆಯೇ ಜನರಿಗೆ ಗೊತ್ತಾದದ್ದು. ಕುಕೀ ಲಿಂಕ್ಸ್‌ಗೆ ಬಂದದ್ದು ಆಮೇಲೆ, ಬೇರೆಯವರ ಕೈಯಿಂದ. ಅವರು ಅದನ್ನು ಕೇಳಿ ತೆಗೆದುಕೊಳ್ಳುವ ಹಾಗೆ ಮಾಡಿಟ್ಟರು.

ಈಗ ಭರಣಿಯ ವಿಷಯ. ಲಿಂಕ್ಸ್‌ನಲ್ಲಿ ಕಂಟ್ರೋಲ್ ಒತ್ತಿಕೊಂಡು ಕೆ ಒತ್ತಿದರೆ ‘ಕುಕೀ ಜಾರ್’ ಅಂತ ಒಂದು ಪುಟ ತೆರೆಯುತ್ತದೆ. ಜಾರ್ ಅಂದರೆ ನಮ್ಮ ಭರಣಿಯೇ. ಅಮ್ಮ ಮಿಡಿ ಉಪ್ಪಿನಕಾಯಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಅಟ್ಟದಲ್ಲಿಡುತ್ತಾರಲ್ಲ, ಹಾಗೆ. ಇದು ಹೊರಗಿನಿಂದ ತರಿಸಿದ ಪುಟ ಅಲ್ಲ, ಬ್ರೌಸರ್ ಆ ಕ್ಷಣಕ್ಕೆ ತನ್ನ ನೆನಪಿನಿಂದ ಬರೆದು ತೋರಿಸುವ ಪುಟ. ಒಂದೊಂದು ಸೈಟಿನ ಹೆಸರೂ ಒಂದೊಂದು ತಲೆಬರಹ. ಆ ಸೈಟಿಗೆ ನೀವು ಯಾವಾಗಲೂ ಆಗಬಹುದು ಅಂದಿದ್ದರೆ ಪಕ್ಕದಲ್ಲಿ ಹಾಗೆ ಬರೆದಿರುತ್ತದೆ, ಯಾವತ್ತೂ ಬೇಡ ಅಂದಿದ್ದರೆ ಹಾಗೆ. ತಲೆಬರಹದ ಕೆಳಗೆ ಆ ಸೈಟಿನ ಕುಕೀಗಳು, ಒಂದರ ಕೆಳಗೆ ಒಂದು.

ಒಂದೊಂದು ಕುಕೀಗೂ ಮೊದಲು ಹೆಸರು ಮತ್ತು ಬೆಲೆ. ಆಮೇಲೆ ದಾರಿ, ಅಂದರೆ ಸೈಟಿನ ಯಾವ ಭಾಗಕ್ಕೆ ಹೋಗುವಾಗ ಇದನ್ನು ತೋರಿಸಬೇಕು ಎಂಬುದು. ಬರೀ ಒಂದು ಓರೆಗೀಟು ಇದ್ದರೆ ಇಡೀ ಸೈಟಿಗೆ ಅಂತ ಅರ್ಥ. ಆಮೇಲೆ ಪೋರ್ಟ್, ಅಂದರೆ ಸರ್ವರಿನ ಯಾವ ನಂಬರಿನ ಬಾಗಿಲು ಎಂಬುದು. ಆಮೇಲೆ ‘ಸೆಕ್ಯೂರ್’ ಹೌದೋ ಅಲ್ಲವೋ. ಹೌದಾಗಿದ್ದರೆ ಬೀಗ ಹಾಕಿದ ದಾರಿಯಲ್ಲಿ (ಎಚ್‌ಟಿಟಿಪಿಎಸ್) ಮಾತ್ರ ಅದು ಹೋಗಬೇಕು. ಆಮೇಲೆ ಬ್ರೌಸರ್ ಮುಚ್ಚಿದಾಗ ಬಿಸಾಡಬೇಕೋ ಬೇಡವೋ ಎಂಬುದು. ಕೊನೆಗೆ ಒಂದು ದಿನಾಂಕ. ಆ ದಿನಾಂಕಕ್ಕೆ ಲಿಂಕ್ಸ್ ಇಟ್ಟ ಹೆಸರು ‘ಮ್ಯಾಕ್ಸಿಮಮ್ ಗಾಬಲ್ ಡೇಟ್’. ಗಾಬಲ್ ಅಂದರೆ ಗಬಗಬನೆ ತಿನ್ನುವುದು. ಈ ದಿನದ ಒಳಗೆ ತಿಂದು ಮುಗಿಸಬೇಕು ಅಂತ ಲೆಕ್ಕ. ಒಂದು ಕುಕೀಯ ಮೇಲೆ ಹೋಗಿ ಎಂಟರ್ ಒತ್ತಿದರೆ ಅಳಿಸಲೇ ಅಂತ ಕೇಳುತ್ತದೆ, ಹೂಂ ಅಂದರೆ ‘ಕುಕೀ ತಿಂದಾಯಿತು’ ಅಂತ ತಿಳಿಸುತ್ತದೆ. ಸೈಟಿನ ಹೆಸರಿನ ಮೇಲೆ ಎಂಟರ್ ಒತ್ತಿದರೆ ಆ ಸೈಟಿನದ್ದೆಲ್ಲ ಅಳಿಸಬಹುದು, ಇಲ್ಲವೇ ಇನ್ನು ಮುಂದೆ ಅದಕ್ಕೆ ಯಾವಾಗಲೂ ಹೌದು, ಯಾವಾಗಲೂ ಬೇಡ, ಪ್ರತಿ ಸಲ ಕೇಳು, ಈ ಮೂರರಲ್ಲಿ ಒಂದನ್ನು ಗೊತ್ತು ಮಾಡಬಹುದು.

ನಾನು ಈ ಪುಟದ ಮುಂದೆ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದೆ. ನೋಡಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಕುಕೀಗಳಲ್ಲಿ ಎರಡು ತರ. ಒಂದು, ಓದಿದರೆ ಅರ್ಥವಾಗುವಂಥದು. ಭಾಷೆ ಇಂಥದು, ಅಕ್ಷರದ ಗಾತ್ರ ಇಷ್ಟು, ಈ ಸೂಚನೆಯನ್ನು ನೋಡಿ ಆಗಿದೆ, ಹೀಗೆ. ಇನ್ನೊಂದು, ಮೂವತ್ತು ನಲವತ್ತು ಅಕ್ಷರದ ಉದ್ದದ ಸಾಲು, ಅಂಕಿ ಅಕ್ಷರ ಕಲಸಿದ್ದು, ಅದರಲ್ಲಿ ನಿಮ್ಮ ಹೆಸರೂ ಇಲ್ಲ ಊರೂ ಇಲ್ಲ. ಇದು ಜಾತ್ರೆಯಲ್ಲಿ ಚಪ್ಪಲಿ ಇಡುವಲ್ಲಿ ಕೊಡುವ ಟೋಕನ್ ಇದ್ದ ಹಾಗೆ. ಟೋಕನಿನಲ್ಲಿ ಬರೀ ನಂಬರು. ಚಪ್ಪಲಿ ಇರುವುದು ಅವರ ಕಪಾಟಿನಲ್ಲಿ. ಲಾಗಿನ್ ಆದಾಗ ಸಿಗುವುದು ಈ ಎರಡನೆಯ ತರದ್ದು. ನಿಮ್ಮ ಪಾಸ್‌ವರ್ಡ್ ಅದರಲ್ಲಿ ಇಲ್ಲ. ಆದರೆ ಟೋಕನ್ ಯಾರ ಕೈಯಲ್ಲಿದೆಯೋ ಚಪ್ಪಲಿ ಅವರದ್ದು. ಕೊಡುವವನು ಮುಖ ನೋಡುವುದಿಲ್ಲ.

ಅಕ್ಕನ ವಿಷಯದಲ್ಲಿ ಆದದ್ದೇ ಇದು. ಲಾಗ್‌ಔಟ್ ಒತ್ತದೆ ಕಿಟಕಿ ಮಾತ್ರ ಮುಚ್ಚಿದೆ. ಟೋಕನ್ ಮೇಜಿನ ಮೇಲೆಯೇ ಬಿದ್ದಿತ್ತು. ಇನ್ನೊಂದು ಮಾತು, ಇದು ಬಹಳ ಜನಕ್ಕೆ ಗೊತ್ತಿಲ್ಲ: ಕುಕೀ ಅಳಿಸಿದರೆ ನಮ್ಮ ಕಡೆಯ ಟೋಕನ್ ಹೋಯಿತು ಅಷ್ಟೆ, ಅವರ ಕಪಾಟಿನಲ್ಲಿ ಆ ನಂಬರು ಹಾಗೇ ಇರಬಹುದು. ಆ ಮೊದಲೇ ಯಾರಾದರೂ ನಂಬರನ್ನು ನಕಲು ಮಾಡಿಕೊಂಡಿದ್ದರೆ ಅವರಿಗೆ ಬಾಗಿಲು ತೆರೆದೇ ಉಂಟು. ಲಾಗ್‌ಔಟ್ ಒತ್ತಿದಾಗ ಸೈಟ್ ತನ್ನ ಕಡೆಯಿಂದಲೂ ಆ ನಂಬರನ್ನು ಹೊಡೆದು ಹಾಕಬೇಕು. ಅದಕ್ಕೇ ಮೊದಲು ಲಾಗ್‌ಔಟ್, ಆಮೇಲೆ ಅಳಿಸುವುದು. ಈ ಕ್ರಮ ತಪ್ಪಬಾರದು.

ಭರಣಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇಲ್ಲದ ಒಂದು ಸಾಲು. 1997ರಲ್ಲಿ ಕುಕೀಗೆ ಮೊದಲ ಸಲ ಸರಿಯಾದ ನಿಯಮದ ಪತ್ರ ಬಂತು, ಆರ್‌ಎಫ್‌ಸಿ 2109 ಅಂತ ಅದರ ನಂಬರು. ಅದರಲ್ಲಿ ‘ಕಾಮೆಂಟ್’ ಅಂತ ಒಂದು ಜಾಗ ಇಟ್ಟಿದ್ದರು. ಈ ಕುಕೀಯನ್ನು ನಾವು ಏಕೆ ಇಡುತ್ತಿದ್ದೇವೆ ಎಂಬುದನ್ನು ಸೈಟ್ ಅಲ್ಲಿ ಬರೆಯಬಹುದು, ಬಳಸುವವರು ಅದನ್ನು ಓದಿ ಬೇಕೋ ಬೇಡವೋ ಅಂತ ನಿಶ್ಚಯ ಮಾಡಬಹುದು. ಎಂಥ ಮರ್ಯಾದೆಯ ಯೋಚನೆ! 2000ದಲ್ಲಿ ಬಂದ ಎರಡನೆಯ ಪತ್ರದಲ್ಲೂ ಆ ಜಾಗ ಇತ್ತು. ಆದರೆ ಸೈಟುಗಳು ಅದನ್ನು ತುಂಬಲಿಲ್ಲ. 2011ರಲ್ಲಿ ಆರ್‌ಎಫ್‌ಸಿ 6265 ಬಂದಾಗ, ವೆಬ್ಬಿನಲ್ಲಿ ನಿಜವಾಗಿ ನಡೆಯುತ್ತಿರುವುದು ಏನೋ ಅದನ್ನೇ ನಿಯಮ ಅಂತ ಬರೆದರು, ಕಾಮೆಂಟಿನ ಜಾಗ ಹೋಯಿತು. ಈಗ ಸೈಟುಗಳು ಪುಟದ ಕೆಳಗೆ ದೊಡ್ಡ ಹಲಗೆ ಹಾಕಿ ‘ನಾವು ಕುಕೀ ಬಳಸುತ್ತೇವೆ, ಒಪ್ಪಿಗೆಯೇ’ ಅಂತ ಕೇಳುತ್ತವಲ್ಲ, ಅದರ ಬದಲು ಪ್ರತಿ ಚೀಟಿಯ ಹಿಂದೆ ಒಂದು ಸಾಲು ಬರೆದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಆ ಹಲಗೆಯ ವಿಷಯ ಬಂತಲ್ಲ, ಇನ್ನೊಂದು ಹೇಳಬೇಕು. ಲಿಂಕ್ಸ್‌ನಲ್ಲಿ ಕುಕೀಯ ಪ್ರಶ್ನೆ ಬರುವುದು ಪುಟ ಕಾಣುವ ಮೊದಲು. ಏಕೆಂದರೆ ಸೆಟ್-ಕುಕೀ ಸಾಲು ಇರುವುದು ತಲೆಯಲ್ಲಿ, ಪುಟದ ಮೈ ಬರುವುದು ಆಮೇಲೆ. ಎಷ್ಟೋ ಸೈಟುಗಳಲ್ಲಿ ನಾನು ಕಂಡದ್ದು ಹೀಗೆ: ಮೊದಲು ಕೆಳಗೆ ಎರಡು ಮೂರು ಕುಕೀ ಬಂದು ಕೇಳುತ್ತವೆ, ಎಲ್ಲದಕ್ಕೂ ಎನ್ ಒತ್ತುತ್ತೇನೆ, ಆಮೇಲೆ ಪುಟ ತೆರೆಯುತ್ತದೆ, ಅದರಲ್ಲಿ ‘ನಿಮ್ಮ ಒಪ್ಪಿಗೆ ಇದ್ದರೆ ಕುಕೀ ಇಡುತ್ತೇವೆ’ ಅಂತ ಬರೆದಿರುತ್ತದೆ. ಚೀಟಿ ಮೊದಲು, ಕೇಳುವುದು ಆಮೇಲೆ. ಸೈಟ್ ನಡೆಯಲು ಬೇಕೇ ಬೇಕಾದ ಕುಕೀಗೆ ಒಪ್ಪಿಗೆ ಬೇಡ ಅಂತ ಅವರು ಹೇಳಬಹುದು. ಇರಲಿ. ಆದರೆ ಯಾವುದು ಮೊದಲು ಯಾವುದು ಆಮೇಲೆ ಅಂತ ನನ್ನ ಕಣ್ಣಿಗೆ ಕಂಡಿತಲ್ಲ, ನನಗೆ ಬೇಕಾದದ್ದು ಅದು.

ಮುಚ್ಚಿದ ಮೇಲೆ ಏನಾಗುತ್ತದೆ? ಲಿಂಕ್ಸ್ ತಾನಾಗಿ ಯಾವ ಕುಕೀಯನ್ನೂ ಡಿಸ್ಕಿನಲ್ಲಿ ಬರೆದಿಡುವುದಿಲ್ಲ. ಎಲ್ಲ ನೆನಪಿನಲ್ಲೇ, ಮುಚ್ಚಿದರೆ ಹೋಯಿತು. ಉಳಿಯಬೇಕಾದರೆ ನಾವೇ ಅದರ ಸೆಟ್ಟಿಂಗ್ ಫೈಲಿನಲ್ಲಿ ಕುಕೀ ಉಳಿಸಿಕೊ ಅಂತ ಒಂದು ಸಾಲು ಹಾಕಬೇಕು. ಹಾಕಿದರೆ, ಬ್ರೌಸರ್ ಬಿಟ್ಟು ಹೊರಗೆ ಬರುವಾಗ, ಹಳತಾಗುವ ದಿನಾಂಕ ಇರುವ ಕುಕೀಗಳನ್ನು ಮಾತ್ರ ನಮ್ಮ ಹೋಮ್ ಫೋಲ್ಡರಿನ ಒಂದು ಅಡಗಿದ ಫೈಲಿಗೆ ಬರೆಯುತ್ತದೆ. ದಿನಾಂಕ ಇಲ್ಲದವು ಆ ಕೂತ ಹೊತ್ತಿಗೆ ಮಾತ್ರ. ಇನ್ನೊಂದು ಜಾಣತನವೂ ಇದೆ: ಯಾವ ಫೈಲಿನಿಂದ ಓದಬೇಕು, ಯಾವ ಫೈಲಿಗೆ ಬರೆಯಬೇಕು ಅಂತ ಬೇರೆ ಬೇರೆ ಹೇಳಬಹುದು. ನನಗೆ ಬೇಕಾದ ಎರಡೇ ಕುಕೀ ಇರುವ ಫೈಲಿನಿಂದ ಓದಿಸಿ, ಬರೆಯುವುದನ್ನು ಬೇರೆಲ್ಲೋ ಬರೆಸಿ ಬಿಸಾಡಬಹುದು. ಹಳತು ಕೆಡುವುದಿಲ್ಲ, ಹೊಸತು ಸೇರುವುದಿಲ್ಲ.

ಆ ಫೈಲನ್ನು ಯಾವ ಎಡಿಟರಿನಲ್ಲಾದರೂ ತೆರೆದು ಓದಬಹುದು. ಫೈರ್‌ಫಾಕ್ಸ್, ಕ್ರೋಮ್ ಇವೆಲ್ಲ ಕುಕೀಗಳನ್ನು ಡೇಟಾಬೇಸಿನಲ್ಲಿ ಇಡುತ್ತವೆ, ಸುಮ್ನೆ ತೆರೆದರೆ ಕಾಣುವುದಿಲ್ಲ. ಲಿಂಕ್ಸ್ ಇಡುವುದು ಹಳೆಯ ನೆಟ್‌ಸ್ಕೇಪ್ ಕಾಲದ ಕ್ರಮದಲ್ಲಿ. ಒಂದು ಕುಕೀಗೆ ಒಂದು ಸಾಲು, ಸಾಲಿನಲ್ಲಿ ಏಳು ಮನೆ, ಮನೆಗೂ ಮನೆಗೂ ನಡುವೆ ಒಂದು ಟ್ಯಾಬ್. ನನ್ನ ಫೈಲಿನ ಒಂದು ಸಾಲು ಹೀಗಿತ್ತು. ಮೊದಲ ಮನೆಯಲ್ಲಿ ಸೈಟಿನ ಹೆಸರು, ಅದರ ಮುಂದೆ ಒಂದು ಚುಕ್ಕಿ. ಎರಡನೆಯದರಲ್ಲಿ ‘ಟ್ರೂ’, ಅಂದರೆ ಆ ಹೆಸರಿನ ಕೆಳಗೆ ಬರುವ ಉಪಸೈಟುಗಳಿಗೂ ಇದು ಸಲ್ಲುತ್ತದೆ. ಮೂರನೆಯದರಲ್ಲಿ ಓರೆಗೀಟು. ನಾಲ್ಕನೆಯದರಲ್ಲಿ ‘ಫಾಲ್ಸ್’, ಬೀಗದ ದಾರಿಯೇ ಬೇಕೆಂದಿಲ್ಲ. ಐದನೆಯದರಲ್ಲಿ 1798761600. ಆರನೆಯದು ಹೆಸರು, ಲ್ಯಾಂಗ್. ಏಳನೆಯದು ಬೆಲೆ, ಎಂಎಲ್.

ಐದನೆಯ ಮನೆಯ ಉದ್ದದ ಸಂಖ್ಯೆ ನೋಡಿ ಮೊದಲು ಗಾಬರಿಯಾಗಿತ್ತು. ಅದು ದಿನಾಂಕವೇ. 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಆಯಿತು ಎಂಬ ಎಣಿಕೆ. ಲೆಕ್ಕ ಹಾಕಿದರೆ 2027ರ ಜನವರಿ 1, ಗ್ರೀನಿಚ್‌ನಲ್ಲಿ ನಡುರಾತ್ರಿ, ನಮ್ಮಲ್ಲಿ ಬೆಳಿಗ್ಗೆ ಐದೂವರೆ. ಅಪ್ಪ ಹಾಲು ಕರೆಯಲು ಏಳುವ ಹೊತ್ತು. ಅಲ್ಲಿಯವರೆಗೂ ನಾನು ಮಲಯಾಳದವ ಅಂತ ಆ ಚೀಟಿ ಹೇಳುತ್ತಲೇ ಇರುತ್ತದೆ. ಇನ್ನೊಂದು ಸಾಲಿನಲ್ಲಿ 2147483647 ಅಂತ ಇತ್ತು. ಅದು 2038ರ ಜನವರಿ 19ಕ್ಕೆ ಬೀಳುತ್ತದೆ, ಹಳೆಯ 32 ಬಿಟ್ ಲೆಕ್ಕದಲ್ಲಿ ಎಣಿಸಲು ಆಗುವ ಕೊನೆಯ ಸೆಕೆಂಡ್. ಅಂದರೆ ಎಷ್ಟು ದಿನ ಇಟ್ಟುಕೊಳ್ಳಬೇಕು ಎಂದು ಕೇಳಿದರೆ, ಎಣಿಸಲು ಬರುವಷ್ಟು ದಿನವೂ ಇಟ್ಟುಕೊಳ್ಳಿ ಅಂತ ಆ ಸೈಟು ಬರೆದುಬಿಟ್ಟಿತ್ತು. ಕ್ರೋಮ್ 2022ರಿಂದ ಇದಕ್ಕೆ 400 ದಿನದ ಮಿತಿ ಹಾಕಿದೆ. ಆ ಬದಲಾವಣೆ ಒಳ್ಳೆಯದೇ.

ಈ ಫೈಲಿನಲ್ಲಿ ಲಾಗಿನ್ ಟೋಕನ್ ಇದ್ದರೆ ಅದೂ ಹಾಗೇ ಬತ್ತಲೆಯಾಗಿ ಕೂತಿರುತ್ತದೆ. ಹಾಗಾಗಿ ಬೇರೆ ಯಾರೂ ಓದದಂತೆ ಫೈಲಿನ ಅನುಮತಿ ಬಿಗಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ನಾನು ಮಾಡಿದ್ದೇನೆ. ಡಬ್ಲ್ಯೂ3ಎಂ ಎಂಬ ಇನ್ನೊಂದು ಟೆಕ್ಸ್ಟ್ ಬ್ರೌಸರ್ ಉಂಟು, ಜಪಾನಿನವರದ್ದು. ಅದರಲ್ಲೂ ಕಂಟ್ರೋಲ್ ಮತ್ತು ಕೆ ಒತ್ತಿದರೆ ಕುಕೀ ಪಟ್ಟಿ ಬರುತ್ತದೆ, ಅದಕ್ಕೂ ತನ್ನದೇ ಫೈಲು ಉಂಟು. ಒಂದು ಗೊತ್ತಾದರೆ ಇನ್ನೊಂದು ಕಷ್ಟವಿಲ್ಲ.

ಒಂದು ವಾರ ಲಿಂಕ್ಸ್‌ನಲ್ಲೇ ಓಡಾಡಿದ ಮೇಲೆ ಭರಣಿ ತೆರೆದು ನೋಡಿದರೆ ಇದ್ದದ್ದು ನಾನು ಹೋದ ಸೈಟುಗಳ ಹೆಸರು ಮಾತ್ರ. ಹೋಗದ ಯಾರದ್ದೂ ಇಲ್ಲ. ಅದೇ ವಾರ ಅಂಗಡಿಯ ಮಾಮೂಲಿ ಬ್ರೌಸರಿನ ಪಟ್ಟಿ ನೋಡಿದೆ. ಹೆಸರೇ ಕೇಳದ ಎಷ್ಟೋ ಜಾಹೀರಾತು ಕಂಪನಿಗಳ ಕುಕೀಗಳು ಅಲ್ಲಿದ್ದವು. ಕಾರಣ ಸರಳ. ಒಂದು ಪುಟದಲ್ಲಿ ಬೇರೆಯವರ ಚಿತ್ರ ಇದ್ದರೆ, ಅದು ಕಣ್ಣಿಗೆ ಕಾಣದ ಒಂದು ಚುಕ್ಕಿಯ ಗಾತ್ರದ್ದಾದರೂ ಸರಿ, ಬ್ರೌಸರ್ ಅದನ್ನು ತರಲು ಆ ಬೇರೆಯವರ ಬಾಗಿಲಿಗೆ ಹೋಗುತ್ತದೆ. ಹೋದಾಗ ಅವರೂ ಒಂದು ಚೀಟಿ ಕೊಟ್ಟು ಕಳಿಸುತ್ತಾರೆ. ನೂರು ಸೈಟುಗಳಲ್ಲಿ ಅದೇ ಚುಕ್ಕಿ ಇದ್ದರೆ, ನೂರರಲ್ಲೂ ನೀವು ಓಡಾಡಿದ್ದು ಅವರಿಗೆ ಗೊತ್ತಾಗುತ್ತದೆ. ಲಿಂಕ್ಸ್ ಚಿತ್ರ ತರುವುದಿಲ್ಲ, ಸ್ಕ್ರಿಪ್ಟ್ (ಪುಟದ ಜೊತೆ ಬರುವ ಸಣ್ಣ ಪ್ರೋಗ್ರಾಂ) ಓಡಿಸುವುದಿಲ್ಲ, ಪುಟದೊಳಗಿನ ಪುಟವನ್ನು ಬರೀ ಒಂದು ಕೊಂಡಿಯಾಗಿ ತೋರಿಸುತ್ತದೆ. ಆ ಬಾಗಿಲುಗಳಿಗೆ ಅದು ಹೋಗುವುದೇ ಇಲ್ಲ, ಹಾಗಾಗಿ ಚೀಟಿಯೂ ಬರುವುದಿಲ್ಲ. ಯಾವ ತಡೆಯನ್ನೂ ಹಾಕಬೇಕಾಗಿ ಬರಲಿಲ್ಲ.

ಹಾಗಂತ ಎಲ್ಲರೂ ಲಿಂಕ್ಸ್ ಬಳಸಿ ಅಂತ ನಾನು ಹೇಳುತ್ತಿಲ್ಲ. ಸ್ಕ್ರಿಪ್ಟ್ ಇಲ್ಲದೆ ನಡೆಯದ ಸೈಟೇ ಈಗ ಜಾಸ್ತಿ. ಬ್ಯಾಂಕು, ರೈಲು ಟಿಕೆಟು, ಅರ್ಜಿ ತುಂಬುವುದು ಇವಕ್ಕೆಲ್ಲ ಅಂಗಡಿಯಲ್ಲಿ ನಾನೂ ದೊಡ್ಡ ಬ್ರೌಸರೇ ಬಳಸುವುದು. ಕನ್ನಡ ಓದಲೂ ತೊಂದರೆ ಉಂಟು. ಲಿಂಕ್ಸ್ ಓಡುವ ಆ ಕಪ್ಪು ಸ್ಕ್ರೀನಿಗೆ ಟರ್ಮಿನಲ್ ಅಂತ ಹೆಸರು, ಅದರಲ್ಲಿ ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕ. ನಮ್ಮ ಒತ್ತಕ್ಷರ ಆ ಚೌಕದಲ್ಲಿ ಕೂರುವುದಿಲ್ಲ. ‘ಸ್ತ್ರೀ’ ಎಂಬುದು ಎಷ್ಟೋ ಟರ್ಮಿನಲ್‌ಗಳಲ್ಲಿ ತುಂಡು ತುಂಡಾಗಿ ಬೀಳುತ್ತದೆ. ಇದು ಲಿಂಕ್ಸ್‌ನ ತಪ್ಪಲ್ಲ, ಟರ್ಮಿನಲ್ ಎಂಬುದೇ ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದ ಅಂಗಿ.

ಕುಕೀಯೂ ಅದೇ ಅಳತೆಯದ್ದು. ಒಂದು ಸೈಟಿನಲ್ಲಿ ಊರಿನ ಹೆಸರು ಕನ್ನಡದಲ್ಲಿ ಆರಿಸಿದ್ದೆ, ಅದು ಕುಕೀಯಲ್ಲಿ ಬಂತು. ಭರಣಿ ತೆರೆದರೆ ‘ಕಾಸರಗೋಡು’ ಇಲ್ಲ, ಪರ್ಸೆಂಟ್ ಗುರುತುಗಳ ಒಂದು ಮಾಲೆ. ಕುಕೀಯ ಬೆಲೆಯಲ್ಲಿ ಇಂಗ್ಲಿಷಿನ ಮೂಲ ಅಕ್ಷರಗಳು, ಅಂಕಿಗಳು, ಕೆಲವು ಗುರುತುಗಳು ಮಾತ್ರ ಇರಬೇಕು ಅಂತ ನಿಯಮ. ಹಾಗಾಗಿ ಕನ್ನಡದ ಒಂದೊಂದು ಚಿಹ್ನೆಯನ್ನೂ ಮೂರು ತುಂಡು ಮಾಡಿ, ತುಂಡಿಗೊಂದು ಪರ್ಸೆಂಟ್ ಗುರುತು ಹಾಕಿ ಬರೆಯುತ್ತಾರೆ. ‘ಕ’ ಎಂಬ ಒಂದಕ್ಷರ ಹೀಗೆ ‘%ಇ0%ಬಿ2%95’ ಆಗಿ ಒಂಬತ್ತು ಅಕ್ಷರದ ಜಾಗ ಹಿಡಿಯುತ್ತದೆ. ಕಾಸರಗೋಡು ಎಂಬ ಹೆಸರಿನಲ್ಲಿ ಕಾಗುಣಿತ ಬಿಡಿಸಿದರೆ ಎಂಟು ಚಿಹ್ನೆ, ಒಟ್ಟು 72 ಅಕ್ಷರ. ನಾನು ಕಾಗದದ ಮೇಲೆ ಬರೆದು ಎಣಿಸಿದೆ. ಒಂದು ಕುಕೀಗೆ ಕಡಿಮೆಯೆಂದರೆ 4096 ಬೈಟ್ ಜಾಗ ಬ್ರೌಸರ್ ಕೊಡಬೇಕು ಅಂತ ನಿಯಮದಲ್ಲಿ ಇರುವುದರಿಂದ ಜಾಗಕ್ಕೆ ಬರವಿಲ್ಲ. ಆದರೆ ನಮ್ಮ ಊರಿನ ಹೆಸರು ನಮಗೇ ಓದಲು ಬಾರದ ಹಾಗೆ ನಮ್ಮ ಕಿಸೆಯಲ್ಲಿ ಇದೆ.

ಭಾಷೆಯ ವಿಷಯಕ್ಕೆ ವಾಪಸ್ ಬರುತ್ತೇನೆ. ನನಗೆ ಯಾವ ಭಾಷೆ ಬೇಕು ಅಂತ ಹೇಳಲು ಕುಕೀಗಿಂತ ಬೇರೆಯೇ ಒಂದು ದಾರಿ ವೆಬ್ಬಿನಲ್ಲಿ ಮೊದಲಿನಿಂದಲೂ ಇದೆ. ಪ್ರತಿ ಪುಟ ಕೇಳುವಾಗ ಬ್ರೌಸರ್ ತಾನೇ ‘ಇವರಿಗೆ ಇಂಥ ಭಾಷೆ ಆಗಬಹುದು’ ಅಂತ ಒಂದು ಸಾಲು ಕಳಿಸುತ್ತದೆ. ಲಿಂಕ್ಸ್‌ನಲ್ಲಿ ಓ ಒತ್ತಿ ಆಯ್ಕೆಗಳ ಪುಟಕ್ಕೆ ಹೋದರೆ ಅದನ್ನು ನಾವೇ ಬರೆಯಬಹುದು. ಮೊದಲಿಗೆ ಇಂಗ್ಲಿಷ್ ಅಂತ ಇರುತ್ತದೆ. ನಾನು ಅಳಿಸಿ ಮೊದಲು ಕನ್ನಡ, ಆಮೇಲೆ ಮಲಯಾಳ, ಆಮೇಲೆ ಇಂಗ್ಲಿಷ್ ಅಂತ ಬರೆದೆ. ನಮ್ಮ ಕಡೆಯ ಎಷ್ಟೋ ಜನರ ಬದುಕು ಆ ಒಂದು ಸಾಲಿನಲ್ಲಿ ಉಂಟು. ಈ ಸಾಲು ನಾನು ನನ್ನ ಬಗ್ಗೆ ಹೇಳಿದ್ದು. ಲ್ಯಾಂಗ್ ಕುಕೀ ಅವರು ನನ್ನ ಬಗ್ಗೆ ಬರೆದದ್ದು. ಎರಡೂ ಒಂದೇ ಕಾಗದದಲ್ಲಿ ಒಟ್ಟಿಗೆ ಹೋಗುತ್ತವೆ. ಹೆಚ್ಚಿನ ಸೈಟುಗಳು ನೋಡುವುದು ತಾವು ಬರೆದದ್ದನ್ನೇ. ಕೆಲವು ಸೈಟುಗಳಲ್ಲಿ ಲ್ಯಾಂಗ್ ಕುಕೀಗೆ ಎನ್ ಒತ್ತಿದ ಮೇಲೆ ಕನ್ನಡದ ಪುಟ ಬಂದದ್ದೂ ಉಂಟು. 1956ರ ನವೆಂಬರ್ 1ರಂದು ನಮ್ಮ ಊರು ಯಾವ ರಾಜ್ಯಕ್ಕೆ ಸೇರಿತು ಎಂಬುದನ್ನು ನೋಡಿ ನನ್ನ ಭಾಷೆ ಯಾವುದು ಅಂತ ಸರ್ವರ್ ಊಹಿಸುವುದಕ್ಕೂ, ನಾನು ಹೇಳಿದ್ದನ್ನು ಕೇಳುವುದಕ್ಕೂ ಬಹಳ ವ್ಯತ್ಯಾಸ ಉಂಟು.

ಮೊನ್ನೆ ಆ ಅಕ್ಕ ಮತ್ತೆ ಅಂಗಡಿಗೆ ಬಂದಿದ್ದರು, ಸ್ಕಾಲರ್‌ಶಿಪ್ಪನ್ನು ಈ ವರ್ಷಕ್ಕೆ ಮುಂದುವರಿಸಬೇಕಿತ್ತು. ನನ್ನ ಮೇಲೆ ಅವರಿಗೆ ಸಿಟ್ಟಿಲ್ಲ, ಆದರೆ ಹೆದರಿಕೆ ಇನ್ನೂ ಹೋಗಿರಲಿಲ್ಲ. ಕೆಲಸ ಮುಗಿದ ಮೇಲೆ ಕುರ್ಚಿಯಿಂದ ಏಳಲಿಲ್ಲ. “ನಂದು ಎಂತದೂ ಉಳಿಯಲಿಲ್ಲ ಅಲ್ವಾ?” ಅಂತ ಕೇಳಿದರು.

“ಉಂಟು ಅಕ್ಕ, ನೋಡಿ” ಅಂತ ಬ್ರೌಸರಿನ ಕುಕೀ ಪಟ್ಟಿ ತೆರೆದು ತೋರಿಸಿದೆ. ಅವರು ಸ್ಕ್ರೀನಿನ ಹತ್ತಿರ ಬಾಗಿ ಬೆರಳಿಟ್ಟು ಓದಲು ನೋಡಿದರು.

“ಇದರಲ್ಲಿ ನನ್ನ ಹೆಸರೇ ಇಲ್ಲವಲ್ಲ. ಬರೀ ಎಬಿಸಿಡಿ.”

ಟೋಕನಿನ ಕತೆ ಹೇಳಿದೆ. ಚಪ್ಪಲಿ ಅಂದದ್ದೇ ಅವರಿಗೆ ಅರ್ಥವಾಯಿತು. ಮೊದಲು ಲಾಗ್‌ಔಟ್ ಒತ್ತಿಸಿದೆ. ಆಮೇಲೆ ಆ ಸೈಟಿನ ಸಾಲು ಆರಿಸಿ ಅಳಿಸುವ ಕಡೆ ಮೌಸ್ ತಂದೆ.

“ನಿಲ್ಲು ನಿಲ್ಲು, ನಾನೇ ಒತ್ತುತ್ತೇನೆ” ಅಂದರು ಅಕ್ಕ. ಒತ್ತಿದರು. ಸಾಲು ಹೋಯಿತು. ಅದೇ ಸೈಟನ್ನು ಇನ್ನೊಮ್ಮೆ ತೆರೆಯಲು ಹೇಳಿದರು, ತೆರೆದೆ. ಹೆಸರು, ಪಾಸ್‌ವರ್ಡ್ ಕೇಳುವ ಖಾಲಿ ಪುಟ ಬಂತು. ಅದನ್ನು ಸ್ವಲ್ಪ ಹೊತ್ತು ನೋಡಿ, ಚೀಲಕ್ಕೆ ಪ್ರಿಂಟ್ ಹಾಕಿಕೊಂಡು, ನಾಲ್ಕೂಕಾಲಿನ ಬಸ್ಸಿಗೆ ಹೊರಟರು.